ಏನೂ ಸವರದ ತಟ್ಟೆ

ನಡೆದದ್ದನ್ನಷ್ಟೇ ಹೇಳುತ್ತೇನೆ. ಬಯೋಮೆಡಿಕಲ್ ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾನು ಬಾಯಿಯ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೆ. ಬ್ಯಾಕ್ಟೀರಿಯಾಕ್ಕೆ ಮೇವಾಗುವ ಅಗರ್ ಎಂಬ ಮೆತ್ತನೆಯ ಜೆಲ್ಲಿ ತುಂಬಿದ ಗಾಜಿನ ತಟ್ಟೆಗಳಿಗೆ ಸಹಪಾಠಿಗಳ ಎಂಜಲು ಸವರಬೇಕು; ಒಂದನ್ನು ಮಾತ್ರ ಏನೂ ಸವರದೆ, ಮುಚ್ಚಿ ಟೇಪು ಸುತ್ತಿಡಬೇಕು. ಅದರಲ್ಲಿ ಏನಾದರೂ ಬೆಳೆದರೆ ಇಡೀ ಪ್ರಯೋಗ ನೀರುಪಾಲು.

ಮರುದಿನ, ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ತೆರೆದಾಗ ಹಲ್ಲುಜ್ಜದ ಬಾಯಿಯ ವಾಸನೆ ಬೆಚ್ಚಗೆ ಮುಖಕ್ಕೆ ರಾಚಿತು. ಆ ಮುಚ್ಚಿಟ್ಟ ತಟ್ಟೆಯಲ್ಲೇ ಹಳದಿ ಲೋಳೆ ತುಟಿಯಾಕಾರದಲ್ಲಿ ಬೆಳೆದಿತ್ತು.

“ಥೂ, ಯಾರೋ ಮುತ್ತು ಕೊಟ್ಟಿದ್ದಾರೆ ಕಣೇ!” ಎಂದು ಗೆಳತಿ ನಕ್ಕಳು.

ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ ನಗಲಿಲ್ಲ. “ನಿನ್ನ ಕೈ ಸ್ವಚ್ಛ ಇಲ್ಲಮ್ಮ. ಇನ್ನೊಂದ್ಸಲ ಹೀಗಾದ್ರೆ ಫೇಲ್ ಮಾಡ್ತೀನಿ, ನೋಡು.”

ಎರಡನೆಯ ಸಲ ಏನೂ ಸವರದ ತಟ್ಟೆಗೆ ಅವರೇ ಟೇಪು ಸುತ್ತಿ, ಅದರ ಮೇಲೆ ಸಹಿ ಹಾಕಿ, ಇನ್‌ಕ್ಯುಬೇಟರಿಗೆ ಬೀಗ ಜಡಿದು ಕೀಲಿ ಒಯ್ದರು.

ಬೆಳಿಗ್ಗೆ ಬೀಗ ತೆಗೆದಾಗ ಅದೇ ವಾಸನೆ. ಮುಚ್ಚಳದ ಒಳಬದಿಗೆ ನೊರೆನೊರೆಯಾಗಿ ಎಂಜಲು ಅಂಟಿತ್ತು. ಮೇಡಂ ಮೂಗು ಮುಚ್ಚಿಕೊಂಡು ತಟ್ಟೆಯನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಒಂದು ತುತ್ತಿನಷ್ಟು ಅಗರ್ ಇರಲಿಲ್ಲ. ಉಳಿದದ್ದರ ಮೇಲೆ ಹಲ್ಲಿನ ಗುರುತುಗಳಿದ್ದವು.

“ತಪ್ಪು ನಿನ್ನ ಕೈಯದ್ದಲ್ಲಮ್ಮ,” ಎಂದರು ಮೇಡಂ, ಮೆಲ್ಲಗೆ.

ಅವರ ಸಹಿಯಿದ್ದ ಟೇಪು ಎಲ್ಲೂ ಹರಿದಿರಲಿಲ್ಲ.