ಭೋಪಾಲ್‌ಗೆ ಹೋಗದವರು

ಚಂದ್ರಕುಮಾರ್ ಮೊದಲ ಸಲ ನನ್ನ ಹೊಲಿಗೆ ಅಂಗಡಿಗೆ ಬಂದದ್ದು ಅಂಗಿಗೆ ಗುಂಡಿ ಹಾಕಿಸಲು. ಬೀಜದ ಕಂಪನಿಯ ಕೆಲಸದ ಮೇಲೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದಿದ್ದರಂತೆ. ಮುಂದಿನ ವಾರ ಇನ್ನೊಂದು ಗುಂಡಿ. ಮೂರನೇ ವಾರ ಗಮನಿಸಿದೆ, ಗುಂಡಿಯ ದಾರವನ್ನು ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದರು.

“ಚಾಮರಾಜನಗರದಲ್ಲಿ ಸೂಜಿ ಸಿಕ್ಕಲ್ವಾ ಸಾರ್?”

“ಸಿಗುತ್ತೆ. ಹೊಲಿಯೋರು ಹಿಂಗೆ ನಗಲ್ಲ.”

ನಾನು ನಗುತ್ತಿರಲಿಲ್ಲ. ಆಮೇಲೆ ನಕ್ಕೆ.

ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ನಲವತ್ತೊಂದನೇ ವಯಸ್ಸಿನಲ್ಲಿ ಚಂದ್ರಕುಮಾರ್ ಜೊತೆ ಮತ್ತೆ ಮದುವೆ ಎಂದಾಗ ಗಂಡನ ಅಣ್ಣ ಶಾಂತಮಲ್ಲಪ್ಪ ಕೂಗಾಡಲಿಲ್ಲ. ಎಲೆಗೆ ಸುಣ್ಣ ಸವರುತ್ತಾ ಹೇಳಿದರು: “ಆಗು ಕಣವ್ವ ನೀಲಾವತಿ, ಬ್ಯಾಡ ಅನ್ನಕಿಲ್ಲ. ಆದ್ರೆ ನೆಂಟ್ರ ಕಣ್ಗೆ ಬೀಳ್ದಂಗೆ ದೂರ ಎಲ್ಲಾದ್ರೂ ಓಗ್ಬುಡಿ.”

ಆ ಶನಿವಾರ ಚಂದ್ರಕುಮಾರ್ ಬಂದಾಗ ಗುಂಡಿಗಳೆಲ್ಲ ಸರಿಯಾಗಿದ್ದವು. ಊರಿಂದೂರಿಗೆ ದೂರ ತೋರಿಸುವ ಪುಟ ತೆರೆದು ಮೊಬೈಲನ್ನು ನನ್ನ ಮುಂದೆ ಹಿಡಿದರು.

“ಭೋಪಾಲ್‌ಗೆ ಟ್ರಾನ್ಸ್‌ಫರ್ ಕೇಳ್ಲಾ? ಬೆಂಗಳೂರಿಂದ ಸಾವ್ರದ ನೂರು ಕಿಲೋಮೀಟ್ರು. ಫ್ಲೈಟಲ್ಲಿ ಎರಡೇ ಗಂಟೆ. ಅಲ್ಲಿ ನಮ್ಮನ್ನ ಕೇಳೋರಿಲ್ಲ.”

“ನನ್ನ ಅಂಗಡಿ?”

“ಅಲ್ಲೇ ಒಂದು ಹಾಕ್ಕೊಂಡ್ರಾಯ್ತು.”

“ಹಿಂದೀಲಿ ಅಳತೆ ತಗೋಬೇಕಾ?”

ಅವರು ನಕ್ಕರು, ಆದರೆ ಕಣ್ಣು ಎತ್ತಲಿಲ್ಲ. ಈ ಮೆಷಿನ್ ತುಳಿದೇ ನಾನು ಆರು ವರ್ಷ ಯಾರ ಮುಂದೆಯೂ ಕೈಚಾಚದೆ ಬದುಕಿದ್ದೆ.

“ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹಾಕಿ ನೋಡಿ.”

ಒತ್ತಿದರು. ಹುಬ್ಬೇರಿತು. “ಮೂವತ್ತು ಕಿಲೋಮೀಟ್ರು. ವಿಮಾನದಲ್ಲಿ ಮೂರು ನಿಮಿಷವಂತೆ!”

“ಏರ್‌ಪೋರ್ಟು?”

“ಅದೊಂದ್ ಹೇಳಿಲ್ಲ.”

ನಗು ನಿಂತ ಮೇಲೆ ಹೇಳಿದೆ: “ಓಡಿಹೋಗಕ್ಕೆ ನಾವೇನ್ ಕದ್ದಿದೀವಾ? ಚಾಮರಾಜನಗರದಲ್ಲಿ ನಿಮ್ಮನೇಲೇ ಇರ್ತೀನಿ. ದಿನಾ ಬಸ್ಸಲ್ಲಿ ಬಂದು ಇಲ್ಲೇ ಹೊಲೀತೀನಿ. ನೋಡೋರು ನೋಡ್ಲಿ.”

“ನಿಮ್ಮ ಭಾವ?”

“ಅವ್ರೂ ನೋಡ್ಲಿ. ನಡೀರಿ, ಮನೆ ತೋರ್ಸಿ.”

ಶಟರ್ ಎಳೆದು ಬೀಗ ಹಾಕಿದೆ. ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ತೆರಕಣಾಂಬಿಯಲ್ಲಿ ಹತ್ತಿದವರಲ್ಲಿ ಭಾವನೂ ಇದ್ದರು. ನಮ್ಮನ್ನು ಕಂಡೂ ಕಾಣದವರಂತೆ ಮುಂದಿನ ಸೀಟಿನಲ್ಲಿ ಕೂತರು. ಕತ್ತು ಮರದಂತೆ ಸೆಟೆದಿತ್ತು. ಚಂದ್ರಕುಮಾರ್ ಹಿಂದಕ್ಕೆ ಹೋಗಲು ಅರ್ಧ ಎದ್ದರು. ತೋಳು ಹಿಡಿದು ಕೂರಿಸಿದೆ.

ರಶ್ಶಿನಲ್ಲಿ ಕಂಡಕ್ಟರ್ ನಮ್ಮ ಹತ್ತಿರ ಬಂದದ್ದು ಆಗಲೇ. ಗುರುತಿನವನು, ಮಗಳ ಲಂಗ ಹೊಲಿಯಲು ಕೊಟ್ಟಿದ್ದ.

“ಲಂಗ ಆಯ್ತಾ ನೀಲಕ್ಕ? ಇವ್ರು ಯಾರು, ನೆಂಟ್ರಾ?”

ಮುಂದಿನ ಸೀಟಿನ ಕತ್ತು ಇನ್ನಷ್ಟು ಬಿಗಿಯಾಯಿತು. ನಾನು ದನಿ ಏರಿಸಿದೆ.

“ನಾನು ಮದ್ವೆ ಆಗೋರು ಕಣಪ್ಪ. ಮುಂದಿನ್ ತಿಂಗ್ಳಿಂದ ದಿನಾ ಇದೇ ಬಸ್ಸಲ್ಲಿ ಓಡಾಡ್ತೀನಿ.”

ಭಾವ ತಿರುಗಿದರು. “ಮೆತ್ತುಗ್ ಮಾತಾಡವ್ವ, ಜನ ಕೇಳಿಸ್ಕತರೆ.”

“ಕೇಳ್ಲಿ ಅಂತಾನೆ ಭಾವ.”

ಅವರ ಕಣ್ಣು ಚಂದ್ರಕುಮಾರ್ ಕಡೆ ಹೊರಳಿತು. ಈ ಮನುಷ್ಯ ಈಗ ಕಿಟಕಿ ಕಡೆ ಮುಖ ತಿರುಗಿಸಿದರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೇನೆ ಎಂದುಕೊಂಡೆ.

ಅವರು ತಿರುಗಿಸಲಿಲ್ಲ. ಎಲ್ಲರೆದುರು ನನ್ನ ಕೈ ಹಿಡಿದುಕೊಂಡರು.

“ಮದುವೆಗೆ ಬನ್ನಿ ಕಂಡಕ್ಟ್ರೇ,” ಎಂದರು. ದನಿ ಹಿಂದಿನ ಸೀಟಿನವರೆಗೂ ಕೇಳಿಸಿತು. “ಭಾವ, ನೀವೂ.”