ಕಿಟಕಿ ಕಡೆಯ ಗೂಡು

ನರ್ಸಮ್ಮ ಬಂದು ಕೂತು ಆಗಲೇ ಅರ್ಧ ಗಂಟೆಯಾಗಿತ್ತು. ಅಳಲಿಲ್ಲ, ಗೋಳಾಡಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ, ಯಾರೋ ಮರೆತು ಬಿಟ್ಟುಹೋದ ಚೀಲದ ಹಾಗೆ ಕೂತಿದ್ದಳು. ಇಂಚಕ್ಕನ ತಂಗಿ ಕೊಟ್ಟ ಟೀ ಕೆನೆಗಟ್ಟಿ ತಣ್ಣಗಾಗಿತ್ತು.

"ಒಂದು ಕಾಗದ ಬರ್ಕೊಡ್ತೀರಾ ಇಂಚಕ್ಕ?" ಎಂದಳು ಕೊನೆಗೆ. "ಏನಾಯ್ತು ಅಂತ ಶನಿವಾರದೊಳಗೆ ಬರೆದು ಕೊಡ್ಬೇಕಂತೆ. ಇಲ್ದಿದ್ರೆ ಏಜೆನ್ಸಿಯವರು ಇನ್ಯಾವ ಮನೆಗೂ ಕಳಿಸಲ್ವಂತೆ. ಆದ್ರೆ ಏನಾಯ್ತು ಅಂತ ನನಗೇ ಗೊತ್ತಿಲ್ಲ."

ಕತ್ತಿನಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಅವಳು ಬೀದಿಗೆಲ್ಲ ಇಂಚಕ್ಕ. ಬಟ್ಟೆ ಹೊಲಿಸಲು ಬರುವವರಿಗಿಂತ, ತಲೆಬುಡ ತಿಳಿಯದ ಸಂಗತಿಗಳನ್ನು ಹೊತ್ತು ಬರುವವರೇ ಅವಳಿಗೆ ಹೆಚ್ಚು. ಅಂಥ ಕಡೆಗೆಲ್ಲ ಜೊತೆಗೆ ಹೋಗುತ್ತಿದ್ದವಳು ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದು ಅವಳಿಗೆ ಎಂಟು ತಿಂಗಳಾಗಿತ್ತು. ಗುಂಡಿ ಹಾಕು ಎಂದರೆ ಹಾಕುತ್ತಿದ್ದಳು, ಬಾ ಎಂದರೆ ಹೋಗುತ್ತಿದ್ದಳು. ಖುಷಿಯೂ ಇಲ್ಲ, ಸಂಕಟವೂ ಇಲ್ಲ. ಜೋಮು ಹಿಡಿದ ಬೆರಳಿನ ಹಾಗೆ ಒಳಗೆಲ್ಲ ಮರಗಟ್ಟಿತ್ತು.

"ಗೊತ್ತಿರೋಷ್ಟು ಹೇಳು," ಎಂದಳು ಇಂಚಕ್ಕ.

ನರ್ಸಮ್ಮ ನರ್ಸಿಂಗ್ ಓದಿದವಳಲ್ಲ. ಹಗಲು ಹೊತ್ತು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಅವಳದು. ಹಿಂದಿನ ಬೀದಿಯ ಮನೆಯೊಂದರಲ್ಲಿ ಎರಡು ವರ್ಷದಿಂದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು.

"ಅಜ್ಜಿಗೆ ಕಣ್ಣು ಕಾಣ್ಸಲ್ಲ, ಕಾಲಲ್ಲೂ ಬಲ ಇಲ್ಲ, ಗಾಲಿಕುರ್ಚಿನೇ ಗತಿ. ಆದ್ರೂ ಮಾತ್ರೆ ಮಾತ್ರ ತಾವೇ ತಗೋಬೇಕು. ಪ್ರತಿ ಭಾನುವಾರ ಸಂಜೆ ಮೂರು ಡಬ್ಬಿಗೂ ಏಳೇಳು ತುಂಬಿಡ್ತೀನಿ. ಕಪಾಟಲ್ಲಿ ಕಿಟಕಿ ಕಡೆಯಿಂದ ಮೊದಲ್ನೇ ಗೂಡು ಬೆಳಗ್ಗೆದು, ನಡುವಿಂದು ಮಧ್ಯಾಹ್ನದ್ದು, ಕೊನೇದು ರಾತ್ರಿದು. ಅವರು ತಡವಿ ಎಣಿಸಿ ತಗೋತಾರೆ. ನಾನು ನೀರು ಕೊಟ್ಟು ಆ ಕಡೆ ತಿರುಗ್ಬೇಕು. 'ಹೋಗಿರೋದು ಕಣ್ಣು ಕಣೇ, ತಲೆಯಲ್ಲ, ಕಾವಲು ನಿಲ್ಬೇಡ' ಅಂತ ಬೈತಾರೆ."

"ನಿನ್ನೆ?"

"ನಿನ್ನೆ, ಬುಧವಾರ ಬೆಳಗ್ಗೆ ನಗ್ತಾನೇ ಇದ್ರು. 'ಇವತ್ತು ಗೂಡಿನ ಬಾಗಿಲು ಮಂಡಿಗೆ ಬಡೀಲೇ ಇಲ್ಲ ನೋಡು' ಅಂದ್ರು. ಮಂಗಳವಾರ ಬೆಳಗ್ಗೆ ಕೂಡ ಬಡಿಸ್ಕೊಂಡು ಶಪಿಸಿದ್ರು. ಆಮೇಲೆ ಸ್ನಾನಕ್ಕೆ ಕೂರಿಸಿ ಟವೆಲ್ ತರೋಕೆ ಎರಡು ಹೆಜ್ಜೆ ಹೋದೆ. ತೂಕಡಿಸಿ ಬಿದ್ರು. ಸೊಂಟದ ಮೂಳೆ ಮುರಿದಿದೆ. ರಕ್ತದಲ್ಲಿ ನಿದ್ದೆ ಮಾತ್ರೆ ಸಿಕ್ಕಿದೆಯಂತೆ. ನಾನು ಆರಾಮಾಗಿರೋಕೆ ಹಾಕಿದೆ ಅಂತಾರೆ ಅವರ ಮಗ."

"ಹಾಕಿದ್ಯಾ?"

"ಇಲ್ಲ."

"ಸರಿ. ಆ ಟೀ ಚೆಲ್ಲು, ಅದೀಗ ಫೋಟೋ ಮುಂದೆ ಎಡೆ ಇಟ್ಟ ಹಾಗಿದೆ. ಇವಳು ಬೇರೆ ಮಾಡ್ಕೊಡ್ತಾಳೆ. ಕುಡಿದು ಮನೆಗೆ ಹೋಗಿ ಮಲಗು."

ಆ ಮನೆಯ ಪರದೆಗಳನ್ನೆಲ್ಲ ಹೊಲಿದವಳು ಇಂಚಕ್ಕನೇ. ಆ ಸಲಿಗೆಯಿಂದ ಅಕ್ಕ ತಂಗಿ ಅಂದೇ ಹೋದರು. ಮಗ ಬಾಗಿಲಲ್ಲೇ ಸಿಡುಕಿದ. "ಅವಳ ಪರವಾಗಿ ಬಂದ್ರಾ?"

"ಯಾರ ಪರವಾಗೂ ಇಲ್ಲ ಕಣಪ್ಪ. ಆ ಕಪಾಟು ನೋಡೋಣ ಅಂತ."

ಅಜ್ಜಿಯ ಕೋಣೆಯಲ್ಲಿ ಕಿಟಕಿಯ ಪಕ್ಕದಿಂದ ಮೂಲೆಯವರೆಗೆ ಅದು ಉದ್ದಕ್ಕೆ ಮಲಗಿತ್ತು. ಮೂರು ಚೌಕ ಗೂಡು, ಒಂದೊಂದಕ್ಕೂ ಪುಟ್ಟ ಬಾಗಿಲು. ಬೇಕೆಂದರೆ ನಿಲ್ಲಿಸಬಹುದು, ಬೇಡವೆಂದರೆ ಮಲಗಿಸಬಹುದು, ಅಂಥ ಕಪಾಟು.

"ಮಗಳು ಚಿಕ್ಕವಳಿದ್ದಾಗ ನಿಲ್ಲಿಸಿ ಆಟದ ಸಾಮಾನು ಇಡ್ತಿದ್ವಿ," ಎಂದ ಮಗ, ಪಕ್ಕದಲ್ಲಿದ್ದ ಹೆಂಡತಿಯ ಕಡೆ ಕೈ ತೋರಿಸಿ. "ಬಣ್ಣ ಕಲೀಲಿ ಅಂತ ಇವಳು ಗೂಡಿಗೊಂದು ಬಣ್ಣದ ಸ್ಟಿಕ್ಕರ್ ಒಳಗೆ ಅಂಟಿಸಿದ್ಲು. ಆಮೇಲೆ ಪುಸ್ತಕ, ಆಮೇಲೆ ಚಪ್ಪಲಿ. ಅಮ್ಮ ಗಾಲಿಕುರ್ಚಿಗೆ ಬಂದ್ಮೇಲೆ ಕೈಗೆಟುಕಲಿ ಅಂತ ನಾನೇ ಮಲಗಿಸ್ದೆ. ನೆಲ ಗೀರಬಾರ್ದು ಅಂತ ಕೆಳಗೆ ಮೂಲೆಗೊಂದು ಪುಟ್ಟ ಮೆತ್ತೆ ಕೂಡ ಅಂಟಿಸ್ದೆ. ಅಮ್ಮನಿಗೆ ಏನು ಕಡಿಮೆ ಮಾಡಿದ್ದೆ ಹೇಳಿ?"

"ಮಾತ್ರೆ ಎಷ್ಟು ಉಳಿದಿದೆ?"

ಸೊಸೆ ಬಗ್ಗಿದಳು. ಕಿಟಕಿ ಕಡೆಯ ಗೂಡಿನ ಬಾಗಿಲನ್ನು ಮೇಲಕ್ಕೆತ್ತಿ ಹಿಡಿದು, ನೀಲಿ ಸ್ಟಿಕ್ಕರಿನ ಪಕ್ಕದಿಂದ ನೀಲಿ ಡಬ್ಬಿ ತೆಗೆದಳು. "ನಿದ್ದೆದು. ನಾಲ್ಕು." ಮೂಲೆಯ ಗೂಡಿನಿಂದ ಕೆಂಪು ಡಬ್ಬಿ ತೆಗೆದಳು. "ಮೈಯಲ್ಲಿರೋ ನೀರಿಳಿಸೋದು, ಬೆಳಗ್ಗೆದು. ನಾಲ್ಕು." ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ತನ್ನದೇ ದನಿಯನ್ನು ಬೇರೆಯವರ ಬಾಯಲ್ಲಿ ಕೇಳಿದಂತಾಯಿತು ತಂಗಿಗೆ.

"ನೋಡಿ, ಎರಡೂ ಲೆಕ್ಕ ಸರಿಯಾಗಿದೆ," ಎಂದ ಮಗ. "ಅಂದ್ರೆ ಆ ಮಾತ್ರೆ ಅವಳು ಹೊರಗಿಂದ ತಂದಿದ್ದು. ಮಂಗಳವಾರ ರಾತ್ರಿ ಅಮ್ಮನಿಗೆ ಕಣ್ಣೇ ಮುಚ್ಚಿರ್ಲಿಲ್ಲ, ಐದು ಸಲ ಬಚ್ಚಲಿಗೆ ಅಂತ ನನ್ನನ್ನ ಎಬ್ಬಿಸಿದ್ರು. ಬೆಳಗ್ಗೆ ಕಿರಿಕಿರಿ ಮಾಡಿರ್ಬೇಕು. ಇವಳು ಒಂದು ಹಾಕಿ ತೆಪ್ಪಗೆ ಮಲಗಿಸೋಕೆ ನೋಡಿದ್ಲು."

"ಮಂಗಳವಾರ ಹಗಲು ಮನೇಲಿ ಯಾರಿದ್ರಿ?"

"ನಾನು ಕೆಲಸಕ್ಕೆ ಹೋಗಿದ್ದೆ. ನಾಲ್ಕರಿಂದ ಆರರ ತನಕ ಅಮ್ಮನೂ ಆ ನರ್ಸೂ ಫಿಸಿಯೋಥೆರಪಿಗೆ. ಇವಳೊಬ್ಬಳು ಮನೇಲಿ."

ತಂಗಿ ಆಸರೆಗೆಂದು ಕಪಾಟಿನ ಮೇಲೆ ಕೈ ಊರಿದಳು. ಎರಡು ಮಡಿಕೆ ಮಾಡಿ ಹೊದಿಸಿದ ದಪ್ಪ ಬಟ್ಟೆಯಡಿ, ಮೂಲೆಯಲ್ಲಿ, ಅಂಗೈಗೆ ದೊಡ್ಡ ಗುಂಡಿಯಷ್ಟಗಲದ ಉಬ್ಬು ಸಿಕ್ಕಿತು. ಇನ್ನೊಂದು ಮೂಲೆಯಲ್ಲಿ ಇನ್ನೊಂದು. ಅವಳಿಗೆ ಏನೂ ಅನ್ನಿಸಲಿಲ್ಲ. ವಾಪಸು ಬರುವಾಗ ಬೀದಿ ತಿರುವಿನಲ್ಲಿ ಸುಮ್ಮನೆ ಹೇಳಿದಳು, ಅಷ್ಟೆ.

ಇಂಚಕ್ಕ ನಿಂತೇಬಿಟ್ಟಳು. "ಮೆತ್ತಗಿತ್ತಾ?"

"ಹೂಂ. ಮೆತ್ತಗಿತ್ತು."

"ಪುಟ್ಟೀ, ನಾನು ಬರೀ ಕಣ್ಣಲ್ಲಿ ನೋಡಿದೆ. ನೀನು ಕೈಯಲ್ಲಿ ನೋಡಿದೆ."

ಮರುದಿನ ಬೆಳಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದರು. ಅಜ್ಜಿ ನೋವಿನಲ್ಲಿದ್ದರೂ ಮಾತು ಖಡಕ್ಕಾಗಿತ್ತು. ಇಂಚಕ್ಕ ಕೇಳಿದ್ದು ಒಂದೇ ಪ್ರಶ್ನೆ: ಬುಧವಾರ ಬೆಳಗ್ಗೆ ಯಾವ ಗೂಡಿನಿಂದ ಮಾತ್ರೆ ತಗೊಂಡ್ರಿ?

"ಇದೆಂಥ ಪ್ರಶ್ನೆ? ಕಿಟಕಿ ಕಡೆಯಿಂದ ಮೊದಲ್ನೇದು. ಎರಡು ವರ್ಷದಿಂದ ಅದೇ."

ಸಂಜೆ ಐದಕ್ಕೆ ಅಜ್ಜಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮಗ ಕೈಕಟ್ಟಿ ನಿಂತ. ಸೊಸೆ ಹಾಸಿಗೆಯ ತುದಿಯಲ್ಲಿ ಕೂತಳು. ನರ್ಸಮ್ಮ ಹೊಸ್ತಿಲ ಆಚೆಗೇ ನಿಂತಳು, ಒಳಗೆ ಬಾ ಎಂದು ಯಾರೂ ಹೇಳದ ಕಾರಣ. ತಂಗಿ ಅವಳ ಕೈ ಹಿಡಿದು ಒಳಗೆ ಕರೆತಂದಳು. ಆ ಕೈ ತಣ್ಣಗಿತ್ತು.

"ಮೊದಲು ಮಾತ್ರೆ," ಎಂದಳು ಇಂಚಕ್ಕ. "ಭಾನುವಾರ ತುಂಬಿದ್ದು ಏಳೇಳು. ಭಾನುವಾರ, ಸೋಮವಾರ, ಮಂಗಳವಾರ, ಮೂರು ರಾತ್ರಿ ಕಳೆದ್ರೆ ನಿದ್ದೆದು ನಾಲ್ಕು ಉಳೀಬೇಕು. ಉಳಿದಿದೆ. ಸೋಮವಾರ, ಮಂಗಳವಾರ, ಬುಧವಾರ, ಮೂರು ಬೆಳಗ್ಗೆ ಕಳೆದ್ರೆ ನೀರಿಳಿಸೋದೂ ನಾಲ್ಕು. ಅದೂ ಇದೆ. ನರ್ಸಮ್ಮ ಡಬ್ಬಿಯಿಂದ ಒಂದು ಹೆಚ್ಚಿಗೆ ಕೊಟ್ಟಿದ್ರೆ ಲೆಕ್ಕ ತಪ್ಪಬೇಕಿತ್ತು."

"ಅದಕ್ಕೇ ಹೇಳಿದ್ನಲ್ಲ, ಹೊರಗಿಂದ ತಂದ್ಲು ಅಂತ!"

"ಹಾಗಿದ್ರೆ ಅಜ್ಜಿ ಮಂಗಳವಾರ ರಾತ್ರಿ ನಿದ್ದೆ ಮಾತ್ರೆ ತಗೊಂಡಿರ್ಬೇಕಲ್ಲಪ್ಪ. ತಗೊಂಡವರು ಐದು ಸಲ ಬಚ್ಚಲಿಗೆ ಹೋಗ್ತಾರಾ? ಅದು ನೀರಿಳಿಸೋ ಮಾತ್ರೆ ಮಾಡೋ ಕೆಲಸ. ರಾತ್ರಿ ತಗೊಂಡಿದ್ದು ಬೆಳಗಿನ ಮಾತ್ರೆ, ಬೆಳಗ್ಗೆ ತಗೊಂಡಿದ್ದು ರಾತ್ರಿದು. ಅದಲು ಬದಲು. ಅದಕ್ಕೇ ಎರಡೂ ಡಬ್ಬಿ ಲೆಕ್ಕ ತಪ್ಪಿಲ್ಲ. ಒಂದಿಡೀ ರಾತ್ರಿ ನಿದ್ದೆಯಿಲ್ಲದ ಮೈಗೆ ಬೆಳಗ್ಗೆ ನಿದ್ದೆ ಮಾತ್ರೆ ಬಿತ್ತು."

"ಅಮ್ಮ ಎಣಿಸೋದ್ರಲ್ಲಿ ತಪ್ಪಲ್ಲ."

"ತಪ್ಪಲಿಲ್ಲ. ಗೂಡು ತಪ್ಪಿತು." ಇಂಚಕ್ಕ ಕಪಾಟಿನ ಮೇಲಿನ ಬಟ್ಟೆ ಸರಿಸಿದಳು. ನಾಲ್ಕು ಮೂಲೆಯಲ್ಲೂ ಬೂದು ಬಣ್ಣದ ಮೆತ್ತೆಗಳು ಮೇಲ್ಮುಖವಾಗಿ ಕೂತಿದ್ದವು. ಮಗ ಹತ್ತಿರ ಬಂದು ಒಂದನ್ನು ಮುಟ್ಟಿ ನೋಡಿದ.

"ನೀನು ಮಲಗಿಸಿದಾಗ ಬಾಗಿಲಿನ ಕೀಲು ಕೆಳಗಿತ್ತು. ತೆರೆದ್ರೆ ಬಾಗಿಲು ಮುಂದಕ್ಕೆ ಬಿದ್ದು ಅಜ್ಜಿ ಮಂಡಿಗೆ ಬಡೀತಿತ್ತು. ಈಗ ಕೀಲು ಮೇಲಿದೆ, ಬಾಗಿಲು ಎತ್ತಬೇಕು. ಯಾರೋ ಇಡೀ ಕಪಾಟನ್ನ ತಲೆಕೆಳಗು ಮಾಡಿದ್ದಾರೆ. ಹಾಗೆ ಹೊರಳಿಸಿದ್ರೆ ಕಿಟಕಿ ಕಡೆ ಇದ್ದ ಕೆಂಪು ಗೂಡು ಮೂಲೆಗೆ ಹೋಗುತ್ತೆ, ಮೂಲೆಯ ನೀಲಿ ಕಿಟಕಿಗೆ ಬರುತ್ತೆ. ನಡುವಿಂದು ನಡುವೆನೇ. ಹೊರಳಿಸಿದವರು ಡಬ್ಬಿಗಳನ್ನ ಎಚ್ಚರಿಕೆಯಿಂದ ಅದರದರ ಬಣ್ಣದ ಗೂಡಿಗೇ ಇಟ್ಟರು. ಕಣ್ಣಿದ್ದವರಿಗೆ ಅದೇ ಸರಿ. ಅಜ್ಜಿಗೆ ಬಣ್ಣ ಇಲ್ಲ, ಜಾಗ ಮಾತ್ರ."

ಮಗ ಗೂಡಿನ ಬಾಗಿಲನ್ನು ಎತ್ತಿ ಬಿಟ್ಟು ನೋಡಿದ. ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ ಹೊಡೆದುಕೊಂಡು ಹೋಯಿತು.

"ಮಂಗಳವಾರ ಬೆಳಗ್ಗೆ ಬಾಗಿಲು ಬಡಿದಿತ್ತು, ಬುಧವಾರ ಬಡೀಲಿಲ್ಲ. ಹೊರಳಿಸಿದ್ದು ಆ ನಡುವೆ, ಅಜ್ಜಿ ಕೋಣೇಲಿ ಇಲ್ಲದ ಹೊತ್ತು. ಆಗ ನರ್ಸಮ್ಮ ಅಜ್ಜಿ ಜೊತೆಗಿದ್ಲು. ನೀನು ಕೆಲಸದಲ್ಲಿದ್ದೆ. ನೀನೇ ಮಾಡಿದ್ರೂ ಮೆತ್ತೆ ಕಿತ್ತು ಕೆಳಗೆ ಅಂಟಿಸ್ತಿದ್ದೆ, ನೆಲದ ಚಿಂತೆ ನಿಂದು. ಉಳಿದವರು..."

"ನಾನೇ," ಎಂದಳು ಸೊಸೆ.

ಗಂಡ ಅವಳ ಕಡೆ ತಿರುಗಿದ. ಅವಳು ನೆಲ ನೋಡುತ್ತಲೇ ಇದ್ದಳು.

"ಮಂಡಿ ನೀಲಿಗಟ್ಟಿತ್ತು. ದಿನಾ ಸಂಜೆ ಎಣ್ಣೆ ಹಚ್ಚೋಳು ನಾನಲ್ವಾ. ನಿಮಗೆ ಎರಡು ಸಲ ಹೇಳ್ದೆ, ಭಾನುವಾರ ನೋಡ್ತೀನಿ ಅಂದ್ರಿ. ಹೊರಳಿಸಿದ್ಮೇಲೆ ಮೆತ್ತೆ ಮೇಲೆ ಬಂತು. ಅಸಹ್ಯ ಕಾಣ್ಸುತ್ತೆ ಅಂತ ಬಟ್ಟೆ ಮಡಿಸಿ ಹಾಕ್ದೆ. ಬುಧವಾರ ಸಂಜೆ ರಕ್ತದ ರಿಪೋರ್ಟು ಬಂತಲ್ಲ, ಆಗ ಇಲ್ಲಿ ಬಂದು ಕಣ್ಮುಚ್ಚಿ ಎಣಿಸ್ದೆ. ನೀಲಿ ಸಿಕ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಊರೆಲ್ಲ ಇವಳ ಮೇಲೆ ಹೇಳ್ಕೊಂಡು ಬಂದೆನಲ್ಲೇ!"

"ಹೇಳ್ಬೇಕು ಅಂತ ಬಾಯಿ ತೆಗೀತಿದ್ದೆ. ಏನೂ ಬರ್ತಿರ್ಲಿಲ್ಲ. ಅಡುಗೆ ಮಾಡ್ದೆ, ಬಟ್ಟೆ ಒಗೆದೆ, ಆಸ್ಪತ್ರೆಗೆ ಹೋಗಿ ಬಂದೆ. ಅಳು ಕೂಡ ಬರ್ಲಿಲ್ಲ." ಅವಳು ನರ್ಸಮ್ಮನ ಕಡೆ ತಲೆಯೆತ್ತಿದಳು. "ನಿಮ್ಮ ಮೇಲೆ ಹೋಗ್ತಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ."

ಮಗ ಗಾಲಿಕುರ್ಚಿಯ ಹಿಡಿ ಹಿಡಿದುಕೊಂಡ. "ನರ್ಸಮ್ಮ, ತಪ್ಪಾಯ್ತು. ನಾಳೆಯಿಂದಲೇ ಆಸ್ಪತ್ರೆಗೆ ಬಂದ್ಬಿಡಿ. ಅಮ್ಮ ನಿಮ್ಮನ್ನೇ ಕೇಳ್ತಿದ್ದಾರೆ."

"ಮೊದಲು ಏಜೆನ್ಸಿಗೆ ಫೋನ್ ಮಾಡಿ," ಎಂದಳು ನರ್ಸಮ್ಮ. "ಈಗ. ನನ್ನೆದುರಿಗೆ."

ಅವನು ಮಾಡಿದ. ನಡೆದದ್ದನ್ನೆಲ್ಲ ಹೇಳಿದ. ತಪ್ಪು ಮನೆಯವರದೇ, ಹಾಗಂತ ಬರೆದು ಕಳಿಸುತ್ತೇನೆ ಎಂದ. ನರ್ಸಮ್ಮ ಕೊನೆಯ ಮಾತಿನವರೆಗೂ ನಿಂತು ಕೇಳಿದಳು. ಅವಳ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಬಿಸಿಲಲ್ಲಿ ಬಹಳ ದೂರ ನಡೆದವರ ಮುಖದ ಹಾಗಿತ್ತು.

"ಆಸ್ಪತ್ರೆಗೆ ಹೋಗಿ ಅಜ್ಜಿನ ಮಾತಾಡಿಸಿ ಬರ್ತೀನಿ," ಎಂದಳು. "ಕೆಲಸಕ್ಕೆ ಮಾತ್ರ ಬರಲ್ಲ. ಈ ಹೊಸ್ತಿಲು ಇನ್ನು ನನ್ನಿಂದ ದಾಟೋಕಾಗಲ್ಲ."

"ಹಾಗಂದ್ರೆ ಹೇಗೆ? ಅಮ್ಮ ಮನೆಗೆ ಬಂದಾಗ?"

ನರ್ಸಮ್ಮ ಕೆಂಪು ಡಬ್ಬಿಯನ್ನು ಕಿಟಕಿ ಕಡೆಗೆ, ನೀಲಿಯನ್ನು ಮೂಲೆಗೆ ಬದಲಿಸಿಟ್ಟಳು. ಸೊಸೆಯ ಮುಂದೆ ಹೋಗಿ ನಿಂತಳು. "ಏಳಿ. ಇನ್ನು ಡಬ್ಬಿ ತುಂಬೋರು ನೀವು. ಈ ಕುರ್ಚಿಲಿ ಕೂತ್ಕೊಳ್ಳಿ."

ಸೊಸೆ ಎದ್ದು ಗಾಲಿಕುರ್ಚಿಯಲ್ಲಿ ಕೂತಳು.

"ಕಣ್ಮುಚ್ಚಿ. ಬೆಳಗ್ಗೆ ಮಾತ್ರೆ ತೆಗೀರಿ."

"ಎಲ್ಲಿಂದ ಶುರು ಮಾಡ್ಲಿ?"

"ಗಾಳಿ ಬರೋ ಕಡೆಯಿಂದ."

ಸೊಸೆ ಮುಖವನ್ನು ನಿಧಾನವಾಗಿ ಅತ್ತಿತ್ತ ಹೊರಳಿಸಿದಳು. ಕಿಟಕಿ ಎಲ್ಲಿದೆಯೆಂದು ತಿಳಿಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಲಗೈ ಗಾಳಿಯಲ್ಲಿ ತಡಕಾಡಿತು, ಕುರ್ಚಿಯ ಗಾಲಿ ಮುಟ್ಟಿತು, ಬಟ್ಟೆ ಮುಟ್ಟಿತು, ಆಮೇಲೆ ತಪ್ಪಿ ನಡುವಿನ ಗೂಡಿನ ಮೇಲೆ ಹೋಗಿ ನಿಂತಿತು. ಮುಚ್ಚಿದ ರೆಪ್ಪೆಯಡಿಯಿಂದ ಆಗ, ಮೂರು ದಿನದಲ್ಲಿ ಮೊದಲ ಸಲ, ನೀರು ಇಳಿಯಿತು. ಮಗ ಹೇಳಲೆಂದು ಬಾಯಿ ತೆರೆದ. ಇಂಚಕ್ಕ ಬೇಡವೆಂದು ತಲೆಯಾಡಿಸಿದಳು.

ನರ್ಸಮ್ಮನೂ ತಿದ್ದಲಿಲ್ಲ. "ಇನ್ನೊಂದ್ಸಲ," ಎಂದು ಹೇಳಿ ಪಕ್ಕದಲ್ಲಿ ನಿಂತು ಕಾದಳು.