ಕೆಡ್ಡಸದ ಸೋಮವಾರ

ಸವಣೂರಿನಿಂದ ಮೊದಲ ಬಸ್ಸಿಗೆ ಪುತ್ತೂರಿನ ಸಂತೆಗೆ ಬಂದ ಲೋಲಾಕ್ಷಿ, ಬಯಲಿನ ಅಂಚಿಗೆ ಬಂದವಳು ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆ ಹಾಗೇ ನಿಂತಳು.

ಬಯಲಿನ ತುಂಬ ಸುಣ್ಣದ ಗೆರೆಗಳು. ಮದುವೆ ಚಪ್ಪರದ ಕೆಳಗೆ ರಂಗೋಲಿ ಬರೆದ ಹಾಗೆ ಚೌಕ ಚೌಕ, ಚೌಕಕ್ಕೊಂದು ನಂಬರು. ಆರು ವರ್ಷಗಳಿಂದ ಅವಳು ಬಸಳೆ, ಕೆಸು, ಸುವರ್ಣಗೆಡ್ಡೆ ಹರಡಿ ಕೂರುತ್ತಿದ್ದ ಹಲಸಿನ ಮರದ ಬುಡಕ್ಕೆ ಮಾತ್ರ ನಂಬರಿರಲಿಲ್ಲ. ಅಲ್ಲೊಂದು ಹಲಗೆ ನೆಟ್ಟಿತ್ತು: 'ಗಾಡಿ ನಿಲ್ಲಿಸುವ ಜಾಗ'.

ಮರದ ಆಚೆ, ಅಳತೆಯ ಚೈನು ಹಿಡಿದುಕೊಂಡು ಪಂಚಾಯತು ಬೋರ್ಡಿನ ಓವರ್ಸಿಯರ್ ತೀರ್ಥರಾಮ ನಿಂತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಒಮ್ಮೆ ಬೆಳಗಿ, ಮರುಕ್ಷಣ ಕಂದಿತು.

"ಎಂತ ಓವರ್ಸಿಯರ್ರೆ, ಒಂದು ಉತ್ತರ ತಡ ಆದ್ರೆ ಕೂತ ನೆಲವನ್ನೇ ಕಸಿದುಕೊಳ್ಳುದಾ?" ಎಂದಳು ಲೋಲಾಕ್ಷಿ.

ಅವನು ಚೈನಿನ ಕೊಂಡಿಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ.

ಆ ಉತ್ತರದ ಕಥೆ ದೀಪಾವಳಿಯಾಚೆಗೆ ಶುರುವಾದದ್ದು. ಪುತ್ತೂರು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷ ಕಳೆದಿತ್ತಷ್ಟೆ. ಹೊಸ ಸರಕಾರದಿಂದ ಊರಿಗೆ ಏನಾದರೂ ತರಬೇಕೆಂದು ಪಂಚಾಯತಿನ ಹಿರಿಯರು ಸೇರಿ, ಸಂತೆಗೆ ಕಲ್ಲಿನ ಕಟ್ಟೆ, ಮೇಲೆ ಹೆಂಚಿನ ಮಾಡು ಎಂದು ನಿಶ್ಚಯಿಸಿದರು. ಅಳೆಯಲು ಬಂದವನು ಸುಳ್ಯದ ಕಡೆಯ ತೀರ್ಥರಾಮ. ತಾತ್ಕಾಲಿಕ ಕೆಲಸ, ಖಾಯಂ ಆಗುವ ಆಸೆ. ಮೊದಲ ದಿನವೇ ಅವನ ಚೈನು ಲೋಲಾಕ್ಷಿಯ ರಾಶಿಯ ಮೇಲೆ ಹಾದುಹೋಯಿತು.

"ಚೈನು ನನ್ನ ಬಸಳೆಯ ಮೇಲೆ ಉಂಟು," ಎಂದಿದ್ದಳು ಅವಳು ಕಣ್ಣೆತ್ತದೆ. "ದಾಟುದಾದ್ರೆ ಒಂದು ಕಟ್ಟು ತಗೊಂಡು ದಾಟಿ."

ತಗೊಂಡ. ಮುಂದಿನ ಸೋಮವಾರವೂ ತಗೊಂಡ, ಅದರ ಮುಂದಿನದ್ದೂ. ಇವನ ಬಾಡಿಗೆ ಕೋಣೆಯಲ್ಲಿ ಒಲೆಯೇ ಇಲ್ಲ, ಊಟ ಹೋಟೆಲಿನಲ್ಲಿ ಎಂಬ ಸುದ್ದಿ ಅವಳಿಗೆ ತಿಂಗಳ ಮೇಲೆ ಸಿಕ್ಕಿತು.

"ಒಲೆ ಇಲ್ಲದವರಿಗೆ ಬಸಳೆ ಎಂತಕ್ಕೆ ಮಾರಾಯ್ರೆ? ನೋಡ್ಲಿಕ್ಕಾ?"

"ಹ್ಞೂಂ, ನೋಡ್ಲಿಕ್ಕೆ," ಎಂದಿದ್ದ ಅವನು, ಬಸಳೆಯನ್ನು ನೋಡದೆ.

ಬಾಳೆಯ ನಾರಿನಿಂದ ಕಟ್ಟು ಬಿಗಿಯುತ್ತಿದ್ದ ಅವಳ ಬೆರಳುಗಳು ಆ ದಿನ ಎರಡು ಸಲ ಗಂಟು ತಪ್ಪಿದವು.

ಮಕರ ಮಾಸ ಮುಗಿಯುತ್ತ ಬಂದಾಗ ಒಂದು ಸೋಮವಾರ ಅವನು ಧೈರ್ಯ ಮಾಡಿ ಕೇಳಿದ್ದ. "ನಿಮ್ಮ ಸೋದರಮಾವನಲ್ಲಿಗೆ ಹಿರಿಯರನ್ನು ಕಳಿಸ್ಬಹುದಾ?"

"ಬರುವ ಸೋಮವಾರ ಹೇಳ್ತೇನೆ," ಎಂದಿದ್ದಳು. ನಾಚಿಕೆಯ ಭರದಲ್ಲಿ ಬಾಯಿಂದ ಬಂದ ಮಾತು. ಬರುವ ಸೋಮವಾರ ಯಾವ ದಿನವೆಂದು ನೆನಪಾಗುವಾಗ ಬಸ್ಸು ಅರ್ಧ ದಾರಿ ದಾಟಿತ್ತು.

ಆ ಸೋಮವಾರ ಅವಳು ಬರಲಿಲ್ಲ. ಅವನು ಬೆಳಗಿನಿಂದ ಹಲಸಿನ ಮರವನ್ನೇ ನೋಡಿದ. ಅದೇ ದಿನ ಸಂತೆಗೆ ಬಂದವರನ್ನು ಎಣಿಸಿ, ತಗಡಿನ ಬಿಲ್ಲೆ ಕೊಡಬೇಕಿತ್ತು; ಬಿಲ್ಲೆ ಇದ್ದವರಿಗೆ ಹೊಸ ಕಟ್ಟೆ, ಇಲ್ಲದವರಿಗೆ ಒಳಗೆ ಜಾಗವಿಲ್ಲ. ಒಣಮೀನಿನ ಅದ್ರಾಮ ಬಿಲ್ಲೆ ತೆಗೆದುಕೊಳ್ಳುವಾಗ, "ಇವತ್ತು ಜನ ಭಾರೀ ಕಮ್ಮಿ ಅಲ್ವಾ ಓವರ್ಸಿಯರ್ರೆ?" ಎಂದ. ತೀರ್ಥರಾಮನಿಗೆ ಕೇಳಿಸಿತು, ಮನಸ್ಸಿಗೆ ಇಳಿಯಲಿಲ್ಲ. ಒಬ್ಬಳು ಬರಲಿಲ್ಲ ಎಂಬುದು ಅವನ ಕಣ್ಣನ್ನು ಎಷ್ಟು ತುಂಬಿತ್ತೆಂದರೆ, ಇನ್ನೆಷ್ಟೋ ಮಂದಿ ಬರಲಿಲ್ಲ ಎಂಬುದು ಕಾಣಲೇ ಇಲ್ಲ.

ಈಗ ಅವಳು ಎದುರಿಗೆ ನಿಂತಿದ್ದಳು, ಬುಟ್ಟಿ ಇನ್ನೂ ತಲೆಯ ಮೇಲೆ.

"ಕಸಿದುಕೊಂಡದ್ದಲ್ಲ," ಎಂದ. "ಹೋದ ಸೋಮವಾರ ಎಣಿಸಿದೆ. ಐವತ್ತೆರಡು ಜನ ಇದ್ರು, ನಕ್ಷೆಯಲ್ಲಿ ಐವತ್ತೆರಡು ಕಟ್ಟೆ ಬರೆದೆ. ನೀವು ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ... ಅದೇ ಉತ್ತರ ಅಂತ ತಿಳ್ಕೊಂಡೆ."

"ಹೋದ ಸೋಮವಾರ ಎಣಿಸಿದ್ದಾ!" ಲೋಲಾಕ್ಷಿಯ ಕಣ್ಣು ಅರಳಿತು. "ಕೆಡ್ಡಸದ ದಿನ ಸಂತೆ ಎಣಿಸಿದ್ರಾ ನೀವು? ದೇವ್ರೇ! ಆ ದಿನ ನೆಲಕ್ಕೆ ಹಾರೆ ಹಾಕ್ಲಿಕ್ಕುಂಟಾ? ಬಳ್ಳಿಯಿಂದ ಎಲೆ ಕೊಯ್ಲಿಕ್ಕುಂಟಾ? ಕೊಯ್ಯದೆ ಅಗೆಯದೆ ನಾವು ಬುಟ್ಟಿಯಲ್ಲಿ ಎಂತ ತರುದು, ಗಾಳಿಯಾ?"

ಅವನ ಕೈಯಿಂದ ಚೈನು ಜಾರಿತು.

ಕೆಡ್ಡಸವೆಂದರೆ ಮಕರದ ಕೊನೆಯ ಮೂರು ದಿನ; ಭೂಮಿತಾಯಿ ಮುಟ್ಟಾಗಿ ಹೊರಗೆ ಕೂತು, ಮಲಗಿ ದಣಿವಾರಿಸುತ್ತಾಳೆ. ಆ ಮೂರು ದಿನ ಅವಳಿಗೆ ನೋವಾಗುವ ಯಾವ ಕೆಲಸವನ್ನೂ ಈ ಸೀಮೆಯಲ್ಲಿ ಯಾರೂ ಮಾಡುವುದಿಲ್ಲ. ಹುರಿದ ಧಾನ್ಯದ ಪುಡಿಗೆ ಬೆಲ್ಲ ಬೆರೆಸಿ ನನ್ನೇರಿ ಮಾಡುತ್ತಾರೆ. ಕೊನೆಯ ದಿನ ತುಳಸಿಕಟ್ಟೆಯ ಹತ್ತಿರ ನೆಲಕ್ಕೆ ಎಣ್ಣೆ ಬಿಟ್ಟು, ಬಾಣಂತಿಯನ್ನು ಮೀಯಿಸಿದಷ್ಟೇ ಅಕ್ಕರೆಯಿಂದ ಅವಳಿಗೆ ಸ್ನಾನ ಮಾಡಿಸುತ್ತಾರೆ. ಇದು ಹೆಂಗಸರ ಕೈಯಲ್ಲಿ ಉಳಿದ ವ್ರತ. ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಇರುವುದಿಲ್ಲ.

"ನಿಮ್ಮ ಮನೆಯಲ್ಲಿ ಹೇಳುವವರಿಲ್ವಾ?" ಲೋಲಾಕ್ಷಿಯ ಸ್ವರ ತಗ್ಗಿತ್ತು.

"ನಾನು ಐದು ವರ್ಷದವನಿರುವಾಗ ಅಮ್ಮ ಹೋದ್ರು. ಆಮೇಲೆ ಮನೆಯಲ್ಲಿ ಅಪ್ಪ, ನಾನು. ಮತ್ತೆ ಹಾಸ್ಟೆಲು. ಭೂಮಿತಾಯಿ ಮಲಗಿದ್ದಾಳೆ ಅಂತ ನಮಗೆ ಯಾರು ಹೇಳ್ಬೇಕು?"

ಅಷ್ಟರಲ್ಲಿ ವೀಳ್ಯದೆಲೆಯ ಪೂವಮ್ಮ ಬಂದು, "ನನ್ನ ಜಾಗ ಎಲ್ಲಿಗೆ ಹೋಯ್ತು ಮಗಾ?" ಎಂದು ಗೆರೆಗಳ ನಡುವೆ ಸುತ್ತತೊಡಗಿದಳು. ಅವಳ ಹಿಂದೆ ಬಾಳೆಲೆಯವರು, ಗೆಣಸಿನವರು, ಆಲಂಕಾರು ಊರಿನಿಂದ ಸೊಪ್ಪು ಹೊತ್ತು ತಂದವರು. ಎಲ್ಲರೂ ಬುಟ್ಟಿ ಹೊತ್ತೇ ನಿಂತಿದ್ದರು, ಇಳಿಸಲು ನೆಲವಿಲ್ಲದೆ.

"ನಕ್ಷೆ ಮಂಗಳೂರಿನ ಕಚೇರಿಗೆ ಹೋಗಿದೆಯಾ?" ಎಂದು ಕೇಳಿದಳು ಲೋಲಾಕ್ಷಿ.

"ನಾಳೆ ಪಂಚಾಯತಿನ ಮೀಟಿಂಗು. ರುಜು ಆದ್ರೆ ನಾಡಿದ್ದು ಹೋಗ್ತದೆ. ಒಮ್ಮೆ ಹೋದ್ರೆ ಬದಲಾಯಿಸ್ಲಿಕ್ಕಿಲ್ಲ." ಅವನು ಜಾರಿದ ಚೈನನ್ನು ಕಾಲಿನಿಂದ ಬದಿಗೆ ಸರಿಸಿದ. "ತಪ್ಪು ನನ್ನದು ಅಂತ ಹೇಳಿದ್ರೆ ಕೆಲಸ ಹೋಗ್ತದೆ."

ಲೋಲಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಿಮಗೆ ಒಂದು ಗೊತ್ತಿರ್ಲಿ. ನಾನು ಮಾವನಿಗೆ ನಿಮ್ಮ ವಿಷಯ ಹೇಳಿದ್ದೇನೆ. ಸರಕಾರಿ ಕೆಲಸದವ ಅಂತ ಆದ್ರೆ ಬರ್ಲಿ ಅಂದ್ರು. ಕೆಲಸ ಇಲ್ಲದವನ ಮಾತು ಈ ಮನೆಯಲ್ಲಿ ಬೇಡ ಅಂತಲೂ ಅಂದ್ರು."

ಹಾಗಾದರೆ ಅವಳ ಉತ್ತರ ಹೌದೆಂದೇ ಇತ್ತು. ಅವನಿಗೆ ಅದು ತಿಳಿದ ಗಳಿಗೆಯಲ್ಲೇ ಕೈಜಾರುವುದೂ ಕಂಡಿತು.

"ನಾನೀಗ ಎಂತ ಮಾಡ್ಲಿ, ಲೋಲಾಕ್ಷಿ?" ಅವಳನ್ನು ಅವನು ಮೊದಲ ಸಲ ಹೆಸರು ಹಿಡಿದು ಕರೆದದ್ದು ಹೀಗೆ.

"ಅದು ನಾನು ಹೇಳುದಲ್ಲ," ಎಂದಳು. ಕಣ್ಣು ತುಂಬಿತ್ತು. ಬುಟ್ಟಿಯ ಭಾರಕ್ಕೆ ಕುತ್ತಿಗೆ ನಡುಗುತ್ತಿತ್ತು. ಅವನು ಎರಡು ಕೈ ಚಾಚಿ ಬುಟ್ಟಿಯನ್ನು ಇಳಿಸಿ, ಗಾಡಿ ನಿಲ್ಲಿಸುವ ಹಲಗೆಯ ಬುಡದಲ್ಲೇ ಇಟ್ಟ.

ಮರುದಿನ ಬೆಳಿಗ್ಗೆ ತೀರ್ಥರಾಮ ಮಹಾಲಿಂಗೇಶ್ವರನ ಕೆರೆಯ ಮೆಟ್ಟಿಲಲ್ಲಿ ಬಹಳ ಹೊತ್ತು ಕೂತ. ಏನು ಬೇಡುವುದೆಂದು ತಿಳಿಯಲಿಲ್ಲ. ಕೆಲಸ ಉಳಿಸು ಎನ್ನಲು ನಾಲಿಗೆ ಏಳಲಿಲ್ಲ. ಹೋದರೂ ಚಿಂತೆಯಿಲ್ಲ ಎಂದರೆ ಸುಳ್ಳಾಗುತ್ತಿತ್ತು. ದೇವರ ಮುಂದೆ ಸುಳ್ಳು ಹೇಳಲಾಗದೆ ಸುಮ್ಮನೆ ಕೈಮುಗಿದು ಎದ್ದ. ಕೆಲವು ಪ್ರಾರ್ಥನೆಗಳು ಅಷ್ಟೇ ಇರುತ್ತವೆ.

ಪಂಚಾಯತು ಕಚೇರಿಯಲ್ಲಿ ಅಧ್ಯಕ್ಷ ಬೋಜಪ್ಪ ಗೌಡರು ಕನ್ನಡಕ ಏರಿಸಿ ನಕ್ಷೆ ನೋಡುತ್ತಿದ್ದರು. ಪಕ್ಕದಲ್ಲಿ ಜವಳಿ ಅಂಗಡಿಯ ಸರ್ವೋತ್ತಮ ಪೈಗಳು, ಅಡಿಕೆ ವ್ಯಾಪಾರದ ಮೂಸಕುಂಞಿ ಬ್ಯಾರಿ. ಪೆನ್ನಿನ ಮುಚ್ಚಳ ಆಗಲೇ ತೆಗೆದಾಗಿತ್ತು.

"ರುಜು ಹಾಕ್ಬೇಡಿ ಧನಿ," ಎಂದ ತೀರ್ಥರಾಮ. "ಎಣಿಕೆ ತಪ್ಪಿದೆ. ಕೂರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರಲ್ಲಿ ಇಲ್ಲ."

"ಎಂತ ಹೇಳ್ತಿ ನೀನು? ಒಂದು ವಾರದಿಂದ ಸರಿ ಉಂಟು ಅಂದವ ನೀನೇ ಅಲ್ವಾ?"

"ಒಂದು ಮಾತು ಕೇಳ್ತೇನೆ, ಸಿಟ್ಟು ಮಾಡ್ಬೇಡಿ. ನಾನು ಎಣಿಸಿದ ಸೋಮವಾರ ನಿಮ್ಮ ಮನೆಯಲ್ಲಿ ಊಟಕ್ಕೆ ಎಂತ ಇತ್ತು?"

ಪೈಗಳು ಕಿಸಕ್ಕನೆ ನಕ್ಕರು. ಬೋಜಪ್ಪ ಗೌಡರಿಗೆ ರೇಗಿತು. "ನುಗ್ಗೆ-ಬದನೆ ಪಲ್ಯ, ನನ್ನೇರಿ! ಆ ದಿನ ಕೆಡ್ಡಸ ಅಲ್ವಾ, ಮತ್ತೆಂತ ಮಾಡ್ತಾರೆ..."

ಹೇಳುತ್ತಿದ್ದವರು ನಿಲ್ಲಿಸಿದರು. ಕನ್ನಡಕ ತೆಗೆದರು. ಪೆನ್ನಿನ ಮುಚ್ಚಳವನ್ನು ನಿಧಾನವಾಗಿ ಹಾಕಿದರು.

"ಆ ದಿನ ನನ್ನ ಹೆಂಡತಿ ಸಫಿಯಮ್ಮ ವೀಳ್ಯದೆಲೆ ತಾ ಅಂದ್ಲು," ಎಂದರು ಮೂಸಕುಂಞಿ. "ಸಂತೆಯೆಲ್ಲಾ ಸುತ್ತಿದ್ರೂ ಒಂದು ಕಟ್ಟು ಎಲೆ ಸಿಕ್ಕಲಿಲ್ಲ. ಮನೆಗೆ ಹೋಗಿ ಬೈಸಿಕೊಂಡೆ. ಈ ಎಣಿಕೆ ತಪ್ಪು ಅಂತ ನನಗೂ ತಲೆಗೆ ಹೋಗ್ಲಿಲ್ಲ ನೋಡಿ. ಇವನೊಬ್ಬನದ್ದೇ ತಪ್ಪು ಅಂತ ಹೇಗೆ ಹೇಳುದು?"

"ಮೊದಲನೇ ಮೀಟಿಂಗಿನಲ್ಲಿ ನೀವೇ ಹೇಳಿದ್ರಿ ಧನಿ," ಎಂದ ತೀರ್ಥರಾಮ. "ಪೇಟೆ ಬೆಳೆದ್ರೆ ಸಾಲದು, ಪೇಟೆಗೆ ಬರುವ ಬುಟ್ಟಿಯೂ ಬೆಳೀಬೇಕು ಅಂತ. ಈ ನಕ್ಷೆಯಲ್ಲಿ ಬುಟ್ಟಿಯವರೇ ಇಲ್ಲ."

ಅಧ್ಯಕ್ಷರು ನಕ್ಷೆಯನ್ನು ಸುರುಳಿ ಸುತ್ತಿ ಅವನ ಕೈಗೆ ಕೊಟ್ಟರು.

"ಬರುವ ಸೋಮವಾರ ಇನ್ನೊಮ್ಮೆ ಎಣಿಸು. ಮಂಗಳೂರಿಗೆ ತಡವಾದದ್ದಕ್ಕೆ ನಾನು ಉತ್ತರ ಕೊಡ್ತೇನೆ. ಆದ್ರೆ ಊರಿನ ಮುಂದೆ ನಗೆಗೀಡು ಮಾಡಿದಿ ನೀನು. ಮಾರ್ಚಿ ಕೊನೆಗೆ ನಿನ್ನ ಕೆಲಸ ಮುಗಿಯಿತು. ಖಾಯಂ ಮಾಡಿ ಅಂತ ನಾನು ಬರೆಯುದಿಲ್ಲ."

"ಆಗ್ಲಿ ಧನಿ," ಎಂದ ತೀರ್ಥರಾಮ. ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದ.

ಬರುವ ಸೋಮವಾರದವರೆಗೆ ಆರು ದಿನ. ಹೋಟೆಲಿನ ಅನ್ನ ರುಚಿಸಲಿಲ್ಲ. ಸವಣೂರಿನ ಬಸ್ಸು ಹಾರ್ನು ಹಾಕಿದಾಗಲೆಲ್ಲ ಕೋಣೆಯಿಂದ ಹೊರಗೆ ಬಂದು ನೋಡುತ್ತಿದ್ದ.

ಸೋಮವಾರ ಬಯಲು ತುಂಬಿತು. ಹಳೆಯ ಗೆರೆಗಳನ್ನು ಅವನೇ ಕಾಲಿನಿಂದ ಅಳಿಸಿದ. ಬುಟ್ಟಿ ಬುಟ್ಟಿಗೆ ಹೋಗಿ, ಹೆಸರು ಕೇಳಿ, ಬಿಲ್ಲೆ ಕೊಟ್ಟ. ಪೂವಮ್ಮ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು ಎಲೆಸಂಚಿಗೆ ಹಾಕಿದಳು. "ನನ್ನದನ್ನು ವಾಪಸು ಕೇಳ್ಬೇಡಿ ಮಾರಾಯ್ರೆ," ಎಂದ ಅದ್ರಾಮ. ನೂರ ನಲವತ್ತೊಂದು ಆಯಿತು. ಹಲಸಿನ ಮರವನ್ನು ಅವನು ಬೇಕೆಂದೇ ಕೊನೆಗೆ ಉಳಿಸಿದ್ದ. ಅಲ್ಲಿ ಹಲಗೆ ಇರಲಿಲ್ಲ. ಬೆಳಿಗ್ಗೆಯೇ ಯಾರೋ ಕಿತ್ತಿದ್ದರು.

"ನೂರ ನಲವತ್ತೆರಡು," ಎಂದು ಬಿಲ್ಲೆ ಚಾಚಿದ. "ನನ್ನ ಕೆಲಸ ಮಾರ್ಚಿಗೆ ಮುಗೀತದೆ."

"ಗೊತ್ತುಂಟು. ಪೇಟೆಯ ಸುದ್ದಿ ಬಸ್ಸಿಗಿಂತ ಮೊದಲು ಸವಣೂರಿಗೆ ಬರ್ತದೆ."

"ಮಾವ ಎಂತ ಹೇಳಿದ್ರು?"

ಲೋಲಾಕ್ಷಿ ಉತ್ತರಿಸದೆ ಬುಟ್ಟಿಯ ಅಡಿಯಿಂದ ಬಾಡಿದ ಬಾಳೆಲೆಯ ಒಂದು ಪೊಟ್ಟಣ ತೆಗೆದಳು. "ನನ್ನೇರಿ. ಕೆಡ್ಡಸದ ದಿನವೇ ನಿಮಗೆ ಅಂತ ತೆಗೆದಿಟ್ಟದ್ದು. ಹೋದ ಸೋಮವಾರವೂ ತಂದಿದ್ದೆ, ಆ ಸಿಟ್ಟಿನಲ್ಲಿ ಕೊಡ್ಲಿಲ್ಲ."

ಅವನು ಒಂದು ಚಿಟಿಕೆ ಬಾಯಿಗೆ ಹಾಕಿದ. ಹುರಿದ ಧಾನ್ಯದ ಘಮ, ಬೆಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಒಂದು ಅಡಿಗೆಮನೆ ನಾಲಿಗೆಯ ಮೇಲೆ ಬಂದು ಕೂತಿತು. ಅವನು ಮುಖ ತಿರುಗಿಸಿದ.

"ಮಾವ ಎರಡು ದಿನ ಮಾತಾಡ್ಲಿಲ್ಲ," ಎಂದಳು ಅವಳು ಮೆಲ್ಲಗೆ. "ಮೂರನೇ ದಿನ ನಾನೇ ಹೇಳಿದೆ. ಮಾವ, ಆ ಮನೆಯಲ್ಲಿ ಹೆಂಗಸರಿಲ್ಲ, ಕೆಡ್ಡಸ ಯಾವಾಗ ಅಂತ ಹೇಳುವವರಿಲ್ಲ. ಅದರಿಂದ ಎಷ್ಟು ಜನರ ನೆಲ ಹೋಗ್ತಿತ್ತು ನೋಡಿ. ಊರಿನ ಒಳ್ಳೇದಕ್ಕಾದ್ರೂ ಒಬ್ಳು ಆ ಮನೆಗೆ ಹೋಗ್ಬೇಕಲ್ವಾ?"

"ಅದಕ್ಕೆ?"

"ಮಾವನಿಗೆ ನಗು ತಡೀಲಿಕ್ಕಾಗ್ಲಿಲ್ಲ. ಕೆಲಸ ಹೋಗುದು ಗೊತ್ತಿದ್ದೂ ತಪ್ಪು ಒಪ್ಪಿಕೊಂಡವ ಹೆಂಡತಿಯನ್ನು ಉಪವಾಸ ಹಾಕ್ಲಿಕ್ಕಿಲ್ಲ, ಹಿರಿಯರನ್ನು ಬರ್ಲಿಕ್ಕೆ ಹೇಳು ಅಂದ್ರು." ಬಸಳೆಯ ಒಂದು ಕಟ್ಟನ್ನು ಅವನತ್ತ ತಳ್ಳಿದಳು. "ಒಂದು ಒಲೆ ಮಾಡಿಸಿ ಮೊದ್ಲು."

ಮರುವರ್ಷದ ಹೊತ್ತಿಗೆ ಸಂತೆಯ ಕಟ್ಟೆಗಳು ಎದ್ದಿದ್ದವು. ತೀರ್ಥರಾಮ ಕಡಬದ ಕಡೆ ರಸ್ತೆ ಕೆಲಸದಲ್ಲಿದ್ದ; ಅದೂ ತಾತ್ಕಾಲಿಕವೇ. ಕೆಡ್ಡಸದ ಕೊನೆಯ ಬೆಳಿಗ್ಗೆ ಬಾಡಿಗೆ ಮನೆಯ ಪುಟ್ಟ ತುಳಸಿಕಟ್ಟೆಯ ಮುಂದೆ ಲೋಲಾಕ್ಷಿ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ಎಣ್ಣೆಯನ್ನು ಹನಿ ಹನಿಯಾಗಿ ನೆಲಕ್ಕೆ ಬಿಡುತ್ತಿದ್ದಳು. ಪೇಟೆಗೆ ಹೊರಟಿದ್ದ ಅವನು ಬಾಗಿಲಲ್ಲಿ ನಿಂತು ನೋಡಿದ. ಹಾಕಿದ್ದ ಚಪ್ಪಲಿಯನ್ನು ಸದ್ದಿಲ್ಲದೆ ಬಿಚ್ಚಿದ.

ಅವಳು ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲ ಬನ್ನಿ," ಎಂದಳು. "ಅಮ್ಮ ಈಗಷ್ಟೇ ಏಳ್ತಿದ್ದಾರೆ."